ಕ್ಯಾಮೆರಾ ಎತ್ತುವ ಮುಂಚೆ: ಪರಿಸರ ಸಂರಕ್ಷಣೆಯ ಛಾಯಾಗ್ರಹಣ ಕಾರ್ಯಾಗಾರದ ವಿಮರ್ಶೆ

ಮೂರು ದಿನಗಳ ಈ ಕಾರ್ಯಾಗಾರದಲ್ಲಿ ಮೊದಲ ದಿನ ಬೆಳಿಗ್ಗೆ ಎರಡು ಗಂಟೆ ಕಾಲ ಯಾರೂ ಕ್ಯಾಮೆರಾ ಮುಟ್ಟುವಂತಿಲ್ಲ. ಕೈಗೆ ಕೊಡುವುದು ಒಂದು ಬೈನಾಕ್ಯುಲರ್, ಒಂದು ಪೆನ್ಸಿಲ್, ಒಂದು ಪುಟ್ಟ ನೋಟ್‌ಬುಕ್. ಕೆರೆಯಂಚಿನಲ್ಲಿ ಯಾವುದಾದರೂ ಒಂದು ಹಕ್ಕಿಯನ್ನು ಆರಿಸಿಕೊಂಡು ಅರ್ಧ ಗಂಟೆ ಅದನ್ನೇ ನೋಡಬೇಕು. ಅದು ಮೇಯುವುದನ್ನು ಯಾವಾಗ ನಿಲ್ಲಿಸಿತು, ಕತ್ತು ಯಾವಾಗ ನೆಟ್ಟಗಾಯಿತು, ಆಗ ಹತ್ತಿರದ ಮನುಷ್ಯ ಎಷ್ಟು ಹೆಜ್ಜೆ ದೂರದಲ್ಲಿದ್ದ ಎಂದು ಬರೆದುಕೊಳ್ಳಬೇಕು. ಭಾರದ ಲೆನ್ಸ್ ಹೊತ್ತು ಬಂದವರಿಗೆ ಇದು ಕಿರಿಕಿರಿ ಅನ್ನಿಸುವುದು ಸಹಜ. ಆದರೆ ಮೂರು ದಿನಗಳಲ್ಲಿ ಕಲಿಸುವುದಕ್ಕೆಲ್ಲ ಬುನಾದಿ ಈ ಎರಡು ಗಂಟೆಯೇ. ಈ ಕಾರ್ಯಾಗಾರಕ್ಕೆ ಹೋಗಿ ಎಂದು ನಾವು ಹೇಳುವುದಕ್ಕೆ ಮೊದಲ ಕಾರಣವೂ ಅದೇ.

ಬರೆದುಕೊಂಡದ್ದನ್ನು ಆಮೇಲೆ ಎಲ್ಲರೂ ಕೂತು ಹೋಲಿಸುತ್ತಾರೆ. ಹಕ್ಕಿಯ ಸುತ್ತ ಎರಡು ಗೆರೆಗಳಿವೆ ಎಂಬುದು ಆಗ ಗೊತ್ತಾಗುತ್ತದೆ. ಹೊರಗಿನ ಗೆರೆ ದಾಟಿದರೆ ಹಕ್ಕಿ ಎಚ್ಚರಗೊಳ್ಳುತ್ತದೆ, ಒಳಗಿನದನ್ನು ದಾಟಿದರೆ ಹಾರಿಹೋಗುತ್ತದೆ. ಹೆಚ್ಚಿನ ಛಾಯಾಗ್ರಾಹಕರು ಲೆಕ್ಕಕ್ಕೆ ಇಡುವುದು ಎರಡನೆಯದನ್ನು ಮಾತ್ರ; ‘ಹಾರಲಿಲ್ಲ, ಅಂದರೆ ತೊಂದರೆಯಾಗಿಲ್ಲ’ ಎಂದುಕೊಳ್ಳುತ್ತಾರೆ. ಇದು ತಪ್ಪು ಎಂದು ತೋರಿಸಲು ಬೋಧಕರು ಕೊಟ್ಟ ಉದಾಹರಣೆ ಚೆನ್ನಾಗಿತ್ತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಕಪ್ಪು ಕರಡಿಗಳ ಮೈಯಲ್ಲಿ ಹೃದಯ ಬಡಿತ ಅಳೆಯುವ ಉಪಕರಣ ಇಟ್ಟು, ಮೇಲೆ ಡ್ರೋನ್ ಹಾರಿಸಿ ನೋಡಿದ್ದರು. ಹೆಚ್ಚಿನ ಸಲ ಕರಡಿಗಳು ಕೂತಲ್ಲಿಂದ ಕದಲಲಿಲ್ಲ, ನೋಡುವವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತಿತ್ತು. ಒಳಗೆ ಮಾತ್ರ ಹೃದಯ ಬಡಿತ ವಿಪರೀತ ಏರಿತ್ತು.

ನೆಲದ ಮೇಲೆ ಗೂಡು ಕಟ್ಟುವ ಟಿಟ್ಟಿಭದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ನೀವು ಹತ್ತಿರವಾಗುತ್ತಿದ್ದಂತೆ ಮೊಟ್ಟೆಯ ಮೇಲಿದ್ದ ಹಕ್ಕಿ ಸದ್ದಿಲ್ಲದೆ ಎದ್ದು ನಡೆದು, ದೂರದಲ್ಲಿ ಕಿರುಚತೊಡಗುತ್ತದೆ. ಎಷ್ಟೋ ಸಲ ಬೇರೆಲ್ಲೋ ಗೂಡಿರುವ ಹಾಗೆ ಕುಕ್ಕರಿಸಿ ನಟಿಸುತ್ತದೆ. ಇದು ಒಳ್ಳೆಯ ಫೋಟೊ ಸಿಗುವ ಹೊತ್ತು ಎಂದು ಅಲ್ಲೇ ಮಂಡಿಯೂರಿ ಕೂತರೆ, ಆ ಅಷ್ಟೂ ಹೊತ್ತು ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ಕಾರ್ಯಾಗಾರದ ನಿಯಮ ಸರಳ: ಎಚ್ಚರಿಕೆಯ ಕೂಗು ಕೇಳಿದ ಕೂಡಲೇ ನಿಲ್ಲಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ‘ಇನ್ನೊಂದೇ ಫ್ರೇಮ್’ ಎನ್ನಬೇಡಿ. ಬಂದ ದಾರಿಯಲ್ಲೇ ಏಕೆಂದರೆ, ನೆಲಗೂಡುಗಳು ಎಲ್ಲಿವೆಯೋ ಗೊತ್ತಿರುವುದಿಲ್ಲ; ಹೊಸ ದಾರಿ ಹಿಡಿದವರು ಮತ್ತೊಂದು ಗೂಡನ್ನು ತುಳಿಯಬಹುದು. ಗೂಡಿಗೆ ಅಡ್ಡವಿರುವ ಎಲೆ ಕೊಂಬೆಗಳನ್ನು ಕತ್ತರಿಸುವುದು, ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು, ಆಹಾರ ಎಸೆದು ಬೇಟೆಹಕ್ಕಿಯನ್ನು ಬರಿಸುವುದು ಇಲ್ಲಿ ಪೂರ್ತಿ ನಿಷಿದ್ಧ. ಹಾಗೆ ಮಾಡಿದವರನ್ನು ತಂಡದಿಂದ ಕಳುಹಿಸುತ್ತೇವೆ ಎಂದು ಮೊದಲೇ ಹೇಳುತ್ತಾರೆ. ಇಷ್ಟು ಕಟ್ಟುನಿಟ್ಟು ಬೇಕೇ ಬೇಕು.

ತಾಂತ್ರಿಕ ಪಾಠ ಅರ್ಧ ದಿನದಲ್ಲಿ ಮುಗಿಯುತ್ತದೆ. ಬೆಳ್ಳಕ್ಕಿಯನ್ನು ಕಪ್ಪು ನೀರಿನ ಮುಂದೆ ತೆಗೆಯುವಾಗ ಕ್ಯಾಮೆರಾದ ಬೆಳಕಿನ ಮೀಟರ್ ಕಪ್ಪನ್ನು ನೋಡಿ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಗಳ ವಿವರ ಸುಟ್ಟುಹೋಗುತ್ತದೆ. ಮೀಟರ್ ಹೇಳಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ ಒಂದರ ಆಸುಪಾಸಿಗೆ ಇಳಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿಕೊಳ್ಳಬೇಕು. ಶಟರ್ ವೇಗ ಹಾರುವ ಹಕ್ಕಿಗೆ 1/2000 ಸೆಕೆಂಡ್, ಕೂತ ಹಕ್ಕಿಗೆ 1/500 ಸಾಕು. ಒದ್ದೆ ಎಲೆಗಳ ಹೊಳಪು ತೆಗೆಯಲು ಪೋಲರೈಸರ್ ಹಾಕಿದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆದುಕೊಳ್ಳುತ್ತೀರಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಇಂಥವೆಲ್ಲ ಸರಿಯಾಗಿಯೇ ಇವೆ, ಆದರೆ ಓಟದಲ್ಲಿ ಹೇಳುತ್ತಾರೆ. ಅಪರ್ಚರ್, ಶಟರ್, ಐಎಸ್‌ಒ ಮೂರರ ಲೆಕ್ಕ ಇನ್ನೂ ಬೆರಳಿಗೆ ಬಾರದವರು ಆ ಅಭ್ಯಾಸವನ್ನು ಮನೆಯಲ್ಲೇ ಮುಗಿಸಿಕೊಂಡು ಬರಬೇಕು.

ಮೊದಲ ರಾತ್ರಿಯ ಕಪ್ಪೆ ಪಾಠದಲ್ಲಿ ಈ ಕಾರ್ಯಾಗಾರದ ಗುಣವೂ ದೋಷವೂ ಒಟ್ಟಿಗೆ ಕಾಣುತ್ತವೆ.

ಕೊಳಕ್ಕೆ ಇಳಿಯುವ ಮುನ್ನ ಬೂಟುಗಳನ್ನು ಬ್ರಷ್‌ನಿಂದ ಉಜ್ಜಿ ಕೆಸರು ತೆಗೆದು, ಸೋಂಕುನಿವಾರಕದಲ್ಲಿ ಅದ್ದಿ, ಒರೆಸಿ ಒಣಗಿಸಿಯೇ ಹೊರಡಬೇಕು. ಕಾರಣ ಕೈಟ್ರಿಡ್ ಎಂಬ ಶಿಲೀಂಧ್ರ. 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಈ ಜೀವಿ ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ, ನೀರಿನಲ್ಲಿ ಈಜುವ ಬೀಜಾಣುಗಳಿಂದ ಹರಡುತ್ತದೆ. ಒಂದು ಕೊಳದ ಒದ್ದೆ ಕೆಸರನ್ನು ಬೂಟಿನಲ್ಲಿ ಇನ್ನೊಂದು ಕೊಳಕ್ಕೆ ಒಯ್ದರೆ ರೋಗವನ್ನೂ ಒಯ್ದ ಹಾಗೆ. ಕೈಗೆ ಸೊಳ್ಳೆ ಕ್ರೀಮ್ ಹಚ್ಚಿದ್ದರೆ ತೊಳೆದುಕೊಳ್ಳಬೇಕು. ಕಪ್ಪೆ ಚರ್ಮದ ಮೂಲಕ ನೀರು, ಗಾಳಿ ಎರಡನ್ನೂ ಹೀರುತ್ತದೆ, ನಮ್ಮ ಕ್ರೀಮನ್ನೂ ಹೀರುತ್ತದೆ. ಹಾಗಂತ ತೊಳೆದ ಕೈಯಿಂದ ಮುಟ್ಟಬಹುದು ಎಂದಲ್ಲ, ಮುಟ್ಟುವುದೇ ಇಲ್ಲ. ಎಲೆ, ಕೊಂಬೆ ಹಿಡಿದರೆ ಕೈಯ ಕ್ರೀಮ್ ಅಲ್ಲಿ ಉಳಿಯುತ್ತದೆ ಎಂಬುದಕ್ಕೆ ಈ ಎಚ್ಚರ.

ಬೆಳಕಿನ ವ್ಯವಸ್ಥೆ ಹೀಗೆ: ತೀರಾ ಹತ್ತಿರದಿಂದ ತೆಗೆಯಲು 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಶಟರ್ 1/200 ಸೆಕೆಂಡ್, ಅಪರ್ಚರ್ ಎಫ್ 11, ಐಎಸ್‌ಒ 400, ಫ್ಲ್ಯಾಶ್ ಮ್ಯಾನ್ಯುವಲ್‌ನಲ್ಲಿ ಪೂರ್ಣ ಶಕ್ತಿಯ 1/16. ಫೋಕಸ್ ಮಾಡಲು ತಲೆಗೆ ಮಂದ ಕೆಂಪು ದೀಪ. ಹೊಸಬರು ಇಲ್ಲಿ ಎಡವುವುದು ಎರಡು ಕಡೆ. ಒಂದು, ಒದ್ದೆ ಚರ್ಮ ಕನ್ನಡಿಯ ಹಾಗೆ ವರ್ತಿಸುತ್ತದೆ. ಬರಿಯ ಫ್ಲ್ಯಾಶ್ ಹೊಡೆದರೆ ಕಪ್ಪೆಯ ಮೈಮೇಲೆ ಬಿಳಿ ಚುಕ್ಕೆಗಳು ಚೆಲ್ಲಿಕೊಳ್ಳುತ್ತವೆ, ಗುರುತಿಸಲು ಬೇಕಾದ ಚರ್ಮದ ಗುಳ್ಳೆ, ಮಡಿಕೆಗಳು ಆ ಬಿಳಿಯಲ್ಲಿ ಮುಳುಗುತ್ತವೆ. ಬೆಳಕಿನ ಮೂಲ ಕಪ್ಪೆಗಿಂತ ಹಲವು ಪಟ್ಟು ಅಗಲವಾಗಿದ್ದರೆ ಆ ಚುಕ್ಕೆಗಳು ಹರಡಿ ಮೆತ್ತಗಾಗುತ್ತವೆ. ಎರಡು ಅಂಗೈ ಅಗಲದ ಬಾಗಿದ ಬಿಳಿ ಪ್ಲಾಸ್ಟಿಕ್ ಹಾಳೆಯ ಡಿಫ್ಯೂಸರ್, ಅಂದರೆ ಬೆಳಕು ಹರಡಿಸುವ ಪರದೆ, ಸಾಕಾಗುತ್ತದೆ. ಎರಡು, ತೀರಾ ಹತ್ತಿರ ಹೋದಂತೆ ಬೆಳಕು ಕುಸಿಯುತ್ತದೆ. ವಸ್ತುವಿನ ಅಳತೆಯಷ್ಟೇ ಬಿಂಬವೂ ಇರುವಾಗ ಎಫ್ 11 ಬೆಳಕಿನ ಲೆಕ್ಕದಲ್ಲಿ ಎಫ್ 22ರ ಹಾಗೆ ಕೆಲಸ ಮಾಡುತ್ತದೆ, ಸ್ಪಷ್ಟವಾಗಿ ಕಾಣುವ ಆಳ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಅಷ್ಟೆ. ಹಾಗಾಗಿ ಕಣ್ಣಿಗೆ ಫೋಕಸ್ ಕೂತಿತೇ ಎಂಬುದೊಂದೇ ಪ್ರಶ್ನೆ. ಉಳಿದದ್ದು ಮಸುಕಾಗಲಿ, ಒಂದು ಹೆಜ್ಜೆ ಹಿಂದೆ ಸರಿದು ಕಪ್ಪೆ ಕೂತ ಜೊಂಡನ್ನೂ ಸೇರಿಸಿಕೊಂಡರೆ ಚಿತ್ರಕ್ಕೆ ಅರ್ಥ ಬರುತ್ತದೆ.

ಒಂದು ಪ್ರಾಣಿಗೆ ಆರು ಫ್ಲ್ಯಾಶ್, ಅಷ್ಟೇ ಎಂಬ ಮಿತಿಯನ್ನೂ ಇಟ್ಟಿದ್ದಾರೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಝಳಪಿನ ನಂತರ ಮತ್ತೆ ಹೊಂದಿಕೊಳ್ಳಲು ಸಮಯ ಬೇಕು. ಆ ಹೊತ್ತಿನಲ್ಲಿ ಅದು ಹಾವನ್ನೂ ಕಾಣದು, ಹುಳವನ್ನೂ ಕಾಣದು. ಮಿತಿ ಸರಿಯೇ. ತಪ್ಪಾದದ್ದು ಲೆಕ್ಕದಲ್ಲಿ. ಆರು ಎಂಬುದು ಒಬ್ಬರಿಗೆ ಆರು ಎಂದಾಯಿತು, ಒಂದು ಕಪ್ಪೆಯ ಸುತ್ತ ಒಂಬತ್ತು ಜನ ನಿಂತರು. ಕೂಗುತ್ತಿದ್ದ ಗಂಡು ಕಪ್ಪೆ ಐದನೆಯವರ ಸರದಿಗೆ ಮುಂಚೆಯೇ ಕೂಗು ನಿಲ್ಲಿಸಿತು. ಸಂಗಾತಿಯನ್ನು ಕರೆಯಲು ಅದಕ್ಕೆ ಸಿಗುವುದು ಮಳೆಗಾಲದ ಕೆಲವೇ ರಾತ್ರಿಗಳು. ಅದರಲ್ಲೊಂದನ್ನು ನಾವು ಕಿತ್ತುಕೊಳ್ಳಬಾರದು. ಬೆಳಿಗ್ಗೆ ಹಕ್ಕಿಯ ಗೆರೆಯ ಬಗ್ಗೆ ಅಷ್ಟು ಚೆನ್ನಾಗಿ ಕಲಿಸಿದವರು ರಾತ್ರಿ ಅದನ್ನು ಮರೆಯಬಾರದಿತ್ತು. ಕೊಳದಂಚಿಗೆ ಮೂವರಿಗಿಂತ ಹೆಚ್ಚು ಜನರನ್ನು ಬಿಡಬಾರದು, ಆರು ಫ್ಲ್ಯಾಶ್ ಎಂಬುದು ಇಡೀ ತಂಡಕ್ಕೆ ಆರು ಎಂದಾಗಬೇಕು, ಚಿತ್ರಗಳನ್ನು ಎಲ್ಲರೂ ಹಂಚಿಕೊಳ್ಳಲಿ. ಆಯೋಜಕರು ಇದೊಂದನ್ನು ತಿದ್ದಿಕೊಳ್ಳಲೇಬೇಕು.

ಎರಡನೆಯ ದಿನದ ಮರುಛಾಯಾಗ್ರಹಣ, ಅಂದರೆ ಹಳೆಯ ಚಿತ್ರವೊಂದನ್ನು ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯುವುದು, ಈ ಮೂರು ದಿನಗಳಲ್ಲೇ ಅತ್ಯುತ್ತಮ ಪಾಠ. 1888ರಲ್ಲಿ ಜರ್ಮನಿಯ ಗಣಿತಜ್ಞ ಸೆಬಾಸ್ಟಿಯನ್ ಫಿನ್ಸ್ಟರ್‌ವಾಲ್ಡರ್ ಆಲ್ಪ್ಸ್ ಪರ್ವತದ ಹಿಮನದಿಗಳ ಬದಲಾವಣೆ ಅಳೆಯಲು ಹಿಡಿದ ವಿಧಾನವಿದು. 2007ರಲ್ಲಿ ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ಬೇಲಾಗ್ ಶುರು ಮಾಡಿದ ಎಕ್ಸ್‌ಟ್ರೀಮ್ ಐಸ್ ಸರ್ವೆ ಹಿಮನದಿಗಳೆದುರು ಕ್ಯಾಮೆರಾ ನೆಟ್ಟು, ಹಗಲಿನಲ್ಲಿ ನಿಗದಿತ ಅಂತರಕ್ಕೊಂದರಂತೆ ಚಿತ್ರ ತೆಗೆಸಿತು. ಕೆರೆಯ ನೀರಿನ ಅಂಚು, ಕಳೆಗಿಡದ ಹಬ್ಬುವಿಕೆ, ನೆಟ್ಟ ಕಾಡು ಬೆಳೆದ ಬಗೆ, ಎಲ್ಲಕ್ಕೂ ಇದೇ ಉಪಾಯ ನಡೆಯುತ್ತದೆ. ದುಬಾರಿ ಲೆನ್ಸ್ ಬೇಡ, ತಾಳ್ಮೆ ಬೇಕು.

ಹಳೆಯ ಚಿತ್ರದ ಪ್ರಿಂಟ್ ಕೈಯಲ್ಲಿ ಹಿಡಿದು ಅದರಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿಕೊಳ್ಳಿ. ಒಂದು ಬಂಡೆ ಮತ್ತು ಅದರ ಹಿಂದಿನ ಬೆಟ್ಟದ ತುದಿ ಎಂದಿಟ್ಟುಕೊಳ್ಳೋಣ. ಪ್ರಿಂಟ್‌ನಲ್ಲಿ ತುದಿ ಬಂಡೆಯ ನೆತ್ತಿಗೆ ಸರಿಯಾಗಿದೆ, ನಿಮಗೆ ಕಾಣುವಾಗ ಬಂಡೆಯ ಬಲಕ್ಕೆ ಜಾರಿದೆ. ಹಾಗಿದ್ದರೆ ನೀವು ಬಲಕ್ಕೆ ಹೆಚ್ಚು ಬಂದಿದ್ದೀರಿ, ಎಡಕ್ಕೆ ಸರಿಯಿರಿ. ಬಂಡೆ ಬೆಟ್ಟದ ಮುಂದೆ ಪ್ರಿಂಟ್‌ನಲ್ಲಿ ಇರುವುದಕ್ಕಿಂತ ಕೆಳಗೆ ಕಂಡರೆ ಕ್ಯಾಮೆರಾ ಎತ್ತರವಾಯಿತು, ಟ್ರೈಪಾಡ್ ಇಳಿಸಿ. ಈ ಎರಡೂ ಹೊಂದುವವರೆಗೆ ಜೂಮ್ ಮುಟ್ಟಬೇಡಿ. ವಸ್ತುಗಳು ಒಂದರ ಹಿಂದೊಂದು ಹೇಗೆ ಕೂರುತ್ತವೆ ಎಂಬುದನ್ನು ನಿರ್ಧರಿಸುವುದು ನೀವು ನಿಂತ ಜಾಗ. ಜೂಮ್ ಬದಲಿಸಿದರೆ ಚೌಕಟ್ಟು ಮಾತ್ರ ಬದಲಾಗುತ್ತದೆ. ತಂಡದ ಅರ್ಧಕ್ಕರ್ಧ ಜನ ಜೂಮ್‌ನಿಂದಲೇ ಹೊಂದಿಸಲು ಹೋಗಿ ಮುಕ್ಕಾಲು ಗಂಟೆ ಕಳೆದರು. ಬೋಧಕಿ ಏನೂ ಹೇಳದೆ ಪ್ರಿಂಟ್ ತೋರಿಸುತ್ತ ಒಂದೊಂದು ಹೆಜ್ಜೆ ಸರಿಸಿದಾಗ ಬಂಡೆಯೂ ತುದಿಯೂ ತಂತಾನೆ ಒಂದಾದವು.

ಜಾಗ ಸಿಕ್ಕಮೇಲೆ ಟ್ರೈಪಾಡಿನ ಎತ್ತರ, ದಿಕ್ಸೂಚಿಯ ಕೋನ, ಫೋಕಲ್ ಲೆಂತ್, ದಿನಾಂಕ, ಗಂಟೆ ಬರೆದಿಡಬೇಕು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅದೊಂದನ್ನೇ ನಂಬಬಾರದು. ನೆಟ್ಟ ಟ್ರೈಪಾಡನ್ನು ಸುತ್ತಲಿನ ಕಲ್ಲು ಮರಗಳೊಡನೆ ಇನ್ನೊಂದು ಕ್ಯಾಮೆರಾದಲ್ಲಿ ತೆಗೆದಿಟ್ಟರೆ ಹತ್ತು ವರ್ಷದ ನಂತರ ಬರುವವರಿಗೂ ಜಾಗ ಸಿಗುತ್ತದೆ. ಋತು ತಪ್ಪಬಾರದು. ಮಳೆ ಮುಗಿದ ವಾರದ ಹಳೆಯ ಚಿತ್ರಕ್ಕೆ ಎಲೆ ಉದುರುವ ಕಾಲದ ಹೊಸ ಚಿತ್ರ ಜೋಡಿಸಿದರೆ ಕಾಡು ನಾಶವಾದಂತೆ ಕಾಣುತ್ತದೆ. ಅದು ಸುಳ್ಳು ಸಾಕ್ಷಿ, ಒಳ್ಳೆಯ ಉದ್ದೇಶಕ್ಕೆ ಬಳಸಿದರೂ ಸುಳ್ಳೇ.

ಅದೇ ದಿನ ಸಂಜೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಜಾರ್ಜ್ ಶಿರಾಸ್ ದಾರಕ್ಕೆ ಪ್ರಾಣಿ ತಗಲಿದರೆ ಫ್ಲ್ಯಾಶ್ ಹೊತ್ತಿಕೊಳ್ಳುವಂತೆ ಮಾಡಿ ತೆಗೆದ ಚಿತ್ರಗಳೂ ಸೇರಿದಂತೆ ಅವರ 74 ಫೋಟೊಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ಅಲ್ಲಿಂದ ಹೊರಟ ಪಾಠ, ನಾಗರಹೊಳೆಯಲ್ಲಿ ಹುಲಿಗಳ ಪಟ್ಟೆ ಗುರುತಿಸಿ ಎಣಿಕೆ ಅಂದಾಜಿಸಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ 1995ರ ಪ್ರಬಂಧಕ್ಕೆ ಬಂದು ನಿಲ್ಲುತ್ತದೆ. ಹುಲಿಯ ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡುತ್ತಾರೆ. ಈ ಸಂಬಂಧ ಕೇಳಿದ ಮೇಲೆ ಉಪಕರಣದ ಮಹತ್ವ ತಿಳಿಯುತ್ತದೆ.

ನೆಡುವ ಕ್ರಮವನ್ನು ಕೈಯಿಂದಲೇ ಮಾಡಿಸುತ್ತಾರೆ. ದೊಡ್ಡ ಪ್ರಾಣಿಗಳಿಗೆ ಮಂಡಿಯೆತ್ತರ, ದಾರಿಯಿಂದ ಮೂರು ನಾಲ್ಕು ಮೀಟರ್ ಹಿಂದೆ, ಮೊಳೆ ಹೊಡೆಯದೆ ಪಟ್ಟಿಯಿಂದ ಕಟ್ಟಬೇಕು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದರೆ ಸೂರ್ಯ ಲೆನ್ಸಿಗೆ ನೇರ ಹೊಡೆಯುವುದು ಕಡಿಮೆ. ಸೆನ್ಸರ್ ಗ್ರಹಿಸುವುದು ಹಿನ್ನೆಲೆಗಿಂತ ಬೇರೆ ಬಿಸಿಯ ವಸ್ತುವಿನ ಚಲನೆಯನ್ನು. ಬಿಸಿಲು ಬಿದ್ದ ಹುಲ್ಲು ಗಾಳಿಗೆ ತೂಗಿದರೆ ಖಾಲಿ ಫ್ರೇಮುಗಳಿಂದ ಕಾರ್ಡ್ ತುಂಬುತ್ತದೆ. ಸುಡುವ ಮಧ್ಯಾಹ್ನ ನೆಲವೂ ಪ್ರಾಣಿಯ ಮೈಯೂ ಒಂದೇ ಬಿಸಿಯಿದ್ದರೆ ಎದುರು ಹಾದದ್ದೂ ದಾಖಲಾಗದೆ ಹೋಗಬಹುದು. ಇದಕ್ಕಿಂತ ದೊಡ್ಡ ಎಡವಟ್ಟು ಗಡಿಯಾರದ್ದು. ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳಲ್ಲಿ ದಿನಾಂಕ ಮೊದಲಿನ ಸ್ಥಿತಿಗೆ ಹೋಗುತ್ತದೆ, ಯಾರೂ ನೋಡುವುದಿಲ್ಲ, ತಿಂಗಳ ದಾಖಲೆಯೆಲ್ಲ ವ್ಯರ್ಥ. ಕ್ಯಾಮೆರಾ ಪೆಟ್ಟಿಗೆಯ ಬಾಗಿಲು ಮುಚ್ಚುವ ಮುಂಚೆ ಕೈಗಡಿಯಾರವನ್ನು ಲೆನ್ಸ್ ಮುಂದೆ ಹಿಡಿದು ಒಂದು ಫ್ರೇಮ್ ತೆಗೆಸಿ. ಆಮೇಲೆ ಸಮಯ ತಪ್ಪಿದ್ದು ತಿಳಿದರೂ ಲೆಕ್ಕ ಹಾಕಿ ಸರಿಪಡಿಸಬಹುದು. ದಾರಿಯಲ್ಲಿ ಹೋಗುವ ಮನುಷ್ಯರ ಚಿತ್ರಗಳನ್ನು ಏನು ಮಾಡಬೇಕು ಎಂಬುದಕ್ಕೆ ಮಾತ್ರ ‘ಅಳಿಸಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಕಾಡಂಚಿನಲ್ಲಿ ಬದುಕುವವರ ಖಾಸಗಿತನದ ವಿಷಯಕ್ಕೆ ಇನ್ನಷ್ಟು ಹೊತ್ತು ಕೊಡಬೇಕಿತ್ತು.

ಮನುಷ್ಯರನ್ನು ಹೀಗೆ ಅಂಚಿಗೆ ತಳ್ಳುವುದು ಇತಿಹಾಸದ ಉಪನ್ಯಾಸದಲ್ಲೂ ಕಾಣಿಸಿತು. ಛಾಯಾಗ್ರಾಹಕ ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯನ್ನು ಚಿತ್ರಿಸಿದರು, 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಉಳಿಸುವ ಕಾಯ್ದೆಗೆ ಸಹಿ ಹಾಕಿದರು. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ಯೆಲ್ಲೋಸ್ಟೋನ್ ಚಿತ್ರಿಸಿದರು, ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಇವೆಲ್ಲ ನಿಜ, ಹೇಳಬೇಕಾದದ್ದೇ. ಆದರೆ ಯೊಸೆಮಿಟಿ ಕಣಿವೆಯಲ್ಲಿ ಬಾಳುತ್ತಿದ್ದ ಅವಾನೀಚಿ ಜನರನ್ನು 1851ರಲ್ಲೇ ಸಶಸ್ತ್ರ ಪಡೆ ಹೊರದಬ್ಬಿತ್ತು, ಹತ್ತು ವರ್ಷದ ಬಳಿಕ ತೆಗೆದ ಆ ಭವ್ಯ ಚಿತ್ರಗಳು ಕಣಿವೆಯನ್ನು ಯಾರೂ ಇಲ್ಲದ ನೆಲವೆಂದೇ ತೋರಿಸಿದವು ಎಂಬುದನ್ನು ಯಾರೂ ಹೇಳಲಿಲ್ಲ. ಚೌಕಟ್ಟಿನಿಂದ ಯಾರನ್ನು ಹೊರಗಿಟ್ಟೆವು ಎಂಬುದು ಸಂರಕ್ಷಣೆಯ ಛಾಯಾಗ್ರಾಹಕರು ದಿನವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಮೀನುಗಾರರು, ಕುರಿ ಮೇಯಿಸುವವರು, ಕಾಡಿನ ಕಾವಲುಗಾರರು ಇಲ್ಲದ ಕಥೆ ಅರ್ಧ ಕಥೆ. ಅವರ ಒಪ್ಪಿಗೆ ಕೇಳುವುದು ಹೇಗೆ, ಚಿತ್ರ ಎಲ್ಲಿ ಬಳಕೆಯಾಗುತ್ತದೆ ಎಂದು ಅವರ ಮಾತಿನಲ್ಲೇ ವಿವರಿಸುವುದು ಹೇಗೆ, ಇದಕ್ಕೊಂದು ಪೂರ್ತಿ ಅವಧಿ ಬೇಕು.

ಮೂರನೆಯ ದಿನ ಕಂಪ್ಯೂಟರ್ ಮುಂದೆ. ಇಲ್ಲಿ ಮತ್ತೆ ಪಾಠ ಗಟ್ಟಿಯಾಗುತ್ತದೆ. ಏನು ತಿದ್ದಬಹುದು, ಏನು ಕೂಡದು ಎಂಬುದಕ್ಕೆ ಗೆರೆ ಸ್ಪಷ್ಟ: ಬೆಳಕು, ಬಣ್ಣದ ಸಮತೋಲ, ಕ್ರಾಪ್, ಸೆನ್ಸರ್ ಧೂಳು ತೆಗೆಯುವುದು ಸರಿ, ಇದ್ದ ಕೊಂಬೆ ಅಳಿಸುವುದು, ಇಲ್ಲದ ಹಕ್ಕಿ ಸೇರಿಸುವುದು ಇಲ್ಲ. ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ಗೇಟು ಹಾರುವ ತೋಳದ ಚಿತ್ರದ ಪ್ರಶಸ್ತಿಯನ್ನು, ತೋಳ ಪಳಗಿಸಿದ್ದಾಗಿರಬಹುದು ಎಂದು ತೀರ್ಪುಗಾರರು ಹಿಂಪಡೆದರು. 2018ರಲ್ಲಿ ಇರುವೆಭಕ್ಷಕದ ಚಿತ್ರವೊಂದರದೂ ಹಾಗೇ ಆಯಿತು. ಅದರಲ್ಲಿದ್ದದ್ದು ಜೀವಂತವಿರುವಂತೆ ಕಾಣಲು ಒಳಗೆ ತುಂಬಿಸಿ ನಿಲ್ಲಿಸಿದ ಸತ್ತ ಪ್ರಾಣಿ ಎಂಬ ತೀರ್ಮಾನಕ್ಕೆ ಬಂದಿದ್ದರು. ಎರಡರಲ್ಲೂ ಆಕ್ಷೇಪ ಸಾಫ್ಟ್‌ವೇರ್ ತಂತ್ರದ ಮೇಲಲ್ಲ, ಕ್ಯಾಮೆರಾದ ಮುಂದೆ ಇದ್ದದ್ದರ ಮೇಲೆ. ಇದನ್ನು ತೋರಿಸಿದ ಮೇಲೆಯೇ ಅಡಿಬರಹದ ಪಾಠ ಶುರು ಮಾಡಿದ್ದು ಜಾಣ ಕ್ರಮ.

ಒಬ್ಬರು ಕಪ್ಪೆಯ ಚಿತ್ರಕ್ಕೆ ‘ಮಳೆಯ ಮುದ್ದು ಗೆಳೆಯ’ ಎಂದು ಬರೆದಿದ್ದರು. ತಿದ್ದಿದ ಮೇಲೆ ಅದು ಹೀಗಾಯಿತು: ‘ಗಂಡು ಮರಗಪ್ಪೆ, ಕೊಳದಂಚಿನ ಜೊಂಡಿನ ಮೇಲೆ, ನೀರಿನಿಂದ ಒಂದೂವರೆ ಅಡಿ ಎತ್ತರದಲ್ಲಿ ಕೂಗುತ್ತಿದೆ. ರಾತ್ರಿ 9.20, ಮಳೆ ನಿಂತು ಒಂದು ಗಂಟೆಯಾಗಿತ್ತು. ಪ್ರಾಣಿಯನ್ನು ಮುಟ್ಟಿಲ್ಲ, ಸರಿಸಿಲ್ಲ. ಡಿಫ್ಯೂಸರ್ ಹಾಕಿದ ಒಂದು ಫ್ಲ್ಯಾಶ್, ಒಟ್ಟು 6 ಫ್ರೇಮ್.’ ಈ ಎರಡನೆಯದನ್ನು ಓದಿ ಒಬ್ಬ ಸಂಶೋಧಕರು ಕೆಲಸ ಮಾಡಬಹುದು, ಒಬ್ಬ ಅಧಿಕಾರಿ ನಂಬಬಹುದು. ಗುರುತಿಸಲು ಬೇಕಾದ ಕೋನಗಳನ್ನೂ ಜೊತೆಗೆ ಕಲಿಸುತ್ತಾರೆ: ಏರೋಪ್ಲೇನ್ ಚಿಟ್ಟೆಗೆ ಎದೆಯ ಪಕ್ಕ ಮತ್ತು ಬಾಲದ ತುದಿ, ಗಿಡಕ್ಕೆ ಎಲೆಯ ಹಿಂಬದಿ, ಎಲೆಗಳ ಜೋಡಣೆ ಮತ್ತು ಹೂವಿನ ಪಕ್ಕನೋಟ, ಅಣಬೆಗೆ ಕೊಡೆಯ ಕೆಳಭಾಗ ಮತ್ತು ಕಾಂಡದ ಬುಡ.

ಸ್ಥಳದ ಮಾಹಿತಿಯ ವಿಷಯದಲ್ಲಿ ಎಚ್ಚರ ಹೆಚ್ಚು. ಫೋನಿನ ಚಿತ್ರದೊಳಗೆ ಜಿಪಿಎಸ್ ಕೂತಿರುತ್ತದೆ. ಆರ್ಕಿಡ್, ಗೂಬೆಯ ಪೊಟರೆ, ನಕ್ಷತ್ರ ಆಮೆಯಂಥವುಗಳ ಜಾಗ ಕಳ್ಳಸಾಗಣೆಯವರಿಗೆ ನಾವೇ ಬರೆದುಕೊಟ್ಟಂತಾಗುತ್ತದೆ. ಮೂಲ ಫೈಲಿನಲ್ಲಿ ಉಳಿಸಿಕೊಂಡು, ಹೊರಗೆ ಕೊಡುವ ಪ್ರತಿಯಿಂದ ಅಳಿಸಬೇಕು. ಜೀವಿಗಳ ಚಿತ್ರಗಳನ್ನು ಜನರೇ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಂಚಿನ ಜೀವಿಗಳ ಜಾಗವನ್ನು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಬಿಂದುವಾಗಿ ಮಸುಕು ಮಾಡಿ ತೋರಿಸುತ್ತದೆ. ಆದರೆ ಅದೇ ಚಿತ್ರದ ಹಿನ್ನೆಲೆಯಲ್ಲಿ ಗುಡಿಯ ಗೋಪುರವೋ ಮೈಲಿಗಲ್ಲೋ ಕಾಣುತ್ತಿದ್ದರೆ ಮಸುಕು ಮಾಡಿದ್ದು ಏನು ಪ್ರಯೋಜನ?

ಕೊನೆಯ ಅರ್ಧ ದಿನ ಸೊರಗಿದೆ. ಚಿತ್ರಗಳನ್ನು ಯಾರಿಗೆ, ಯಾವ ರೂಪದಲ್ಲಿ ತಲುಪಿಸಬೇಕು ಎಂಬುದೇ ಸಂರಕ್ಷಣೆಯ ಕೆಲಸದ ಮುಖ್ಯ ಭಾಗ. ಅದಕ್ಕೆ ಸಿಕ್ಕಿದ್ದು ನಲವತ್ತು ನಿಮಿಷ. ಪರವಾನಗಿಯ ಬಗ್ಗೆಯೂ ತೇಲಿಸಿ ಹೇಳಿದರು. ಐನ್ಯಾಚುರಲಿಸ್ಟ್‌ನಲ್ಲಿ ನಿಮ್ಮ ದಾಖಲೆಗೆ ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದು ಇಟ್ಟರೆ ಅದು ಸಂಶೋಧಕರು ಬಳಸುವ ಜೀವವೈವಿಧ್ಯ ದಾಖಲೆಗಳ ಜಾಗತಿಕ ಭಂಡಾರ ಜಿಬಿಐಎಫ್‌ಗೆ ಹೋಗುವುದಿಲ್ಲ. ಇತರರ ಬಳಕೆಗೆ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳಲ್ಲಿ ಸಿಸಿ ಜೀರೊ, ಸಿಸಿ ಬಿವೈ, ಸಿಸಿ ಬಿವೈ-ಎನ್‌ಸಿ ಈ ಮೂರಲ್ಲೊಂದು ಇರಬೇಕು. ಸಾವಿರಾರು ಒಳ್ಳೆಯ ದಾಖಲೆಗಳು ಈ ಒಂದು ಆಯ್ಕೆಯಲ್ಲಿ ಸಿಕ್ಕಿಕೊಳ್ಳಬಹುದು, ಎರಡು ನಿಮಿಷದ ಮಾತಿನಲ್ಲಿ ಬಿಡಿಸಬಹುದಾದ ಗಂಟು.

ಹೋಗುವವರು ಉದ್ದ ಲೆನ್ಸ್ ಮನೆಯಲ್ಲಿ ಬಿಟ್ಟರೂ ಚಿಂತೆಯಿಲ್ಲ. ಅಗಲ ಕೋನದ ಲೆನ್ಸ್, ಗಟ್ಟಿ ಟ್ರೈಪಾಡ್, ಒಂದು ಫ್ಲ್ಯಾಶ್, ಡಿಫ್ಯೂಸರ್‌ಗೆ ಬಿಳಿ ಹಾಳೆ, ಕೆಂಪು ತಲೆದೀಪ, ನೋಟ್‌ಬುಕ್, ಎರಡು ಬಾಹ್ಯ ಡಿಸ್ಕ್ ಇರಲಿ. ಪ್ರತಿ ರಾತ್ರಿ ಎರಡೂ ಡಿಸ್ಕಿಗೆ ಪ್ರತಿ ಮಾಡಿ ಬೇರೆ ಬೇರೆ ಚೀಲದಲ್ಲಿಡಿ, ಮನೆಗೆ ಬರುವವರೆಗೂ ಕಾರ್ಡ್ ಅಳಿಸಬೇಡಿ. ಊರ ಹತ್ತಿರದ ಯಾವುದಾದರೂ ಕೆರೆಯದೋ ಗುಡ್ಡದದೋ ಹಳೆಯ ಚಿತ್ರವೊಂದನ್ನು ಹುಡುಕಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಎರಡನೆಯ ದಿನ ಬೋಧಕರಿಗೆ ತೋರಿಸಿದರೆ ಬಂಡೆ, ಬೆಟ್ಟದ ತುದಿ ಯಾವುದನ್ನು ಹಿಡಿಯಬೇಕೆಂದು ಅದರ ಮೇಲೆಯೇ ಗೆರೆ ಎಳೆದು ಕೊಡುತ್ತಾರೆ.